ಶಿವಮೊಗ್ಗದಲ್ಲಿ ನೌಕರಿ ಮಾಡಿಕೊಂಡೇ ಜಾಲತಾಣದಲ್ಲಿ ವೃತ್ತಿಯ ಬಗ್ಗೆ ಬರೆಯಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?

ತಾರಸಿಮನೆ:
ವಿನೋಬನಗರದ ಒಂದು ಖಾಸಗಿ ಸಂಸ್ಥೆಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೇನೆ. ಮನೆ, ಕಲ್ಯಾಣ ಮಂಟಪ, ಅಡಿಕೆ ಗೋದಾಮು ಇಂಥವುಗಳ ವಿನ್ಯಾಸ ನನ್ನ ಕೆಲಸ. ಈಗ ಮನೆ ಕಟ್ಟಿಸುವವರು ನಮ್ಮ ಬಳಿ ಬರುವ ಮೊದಲೇ ಮೊಬೈಲಿನಲ್ಲಿ ಯಾರದ್ದೋ ವಿಡಿಯೊ ನೋಡಿಕೊಂಡು ಬಂದಿರುತ್ತಾರೆ. ಒಣ ಸೀಮೆಯ ಎಂಜಿನಿಯರ್ ಒಬ್ಬರು ತಮ್ಮ ಊರಿನ ಬಿಸಿಲಿಗೆ ಹೇಳಿದ ಸಮತಟ್ಟು ತಾರಸಿಯನ್ನು ತೀರ್ಥಹಳ್ಳಿಯ ಮಳೆಯಲ್ಲಿ ಕಟ್ಟಿಕೊಡಿ ಎಂದು ಹಟ ಹಿಡಿಯುತ್ತಾರೆ. ನಾಲ್ಕು ಮಳೆಗಾಲ ಕಳೆದ ಮೇಲೆ ಅದರ ಮೇಲೊಂದು ಶೀಟಿನ ಮಾಡು ಏರುತ್ತದೆ. ಖರ್ಚು ಎರಡು ಸಲ. ಇಲ್ಲಿನ ಮಳೆ, ಇಲ್ಲಿನ ಜಂಬಿಟ್ಟಿಗೆ, ಇಲ್ಲಿನ ಮಣ್ಣು ಗೊತ್ತಿರುವವರು ಬರೆಯುವುದು ಕಡಿಮೆ, ನಾನೇ ಏಕೆ ಬರೆಯಬಾರದು ಎನಿಸಿದೆ.

ಹಿಂಜರಿಕೆಗಳೂ ಇವೆ. ಊರು ಚಿಕ್ಕದು. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಂದು ಕಟ್ಟಡದ ಚಿತ್ರ ಹಾಕಿದ್ದಕ್ಕೇ ಮದುವೆ ಮನೆಯಲ್ಲಿ ಒಬ್ಬರು, "ಏನು, ಈ ಸಲ ಚುನಾವಣೆಗೆ ನಿಲ್ಲುತ್ತೀರಾ?" ಎಂದು ಕೇಳಿದರು. ಕಚೇರಿಯಲ್ಲಿ ಯಜಮಾನರು ಏನನ್ನುತ್ತಾರೋ ಗೊತ್ತಿಲ್ಲ. ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ, ಲಿಂಕ್ಡ್‌ಇನ್ನೋ ಯೂಟ್ಯೂಬೋ ಎಂಬುದೂ ತೀರ್ಮಾನವಾಗಿಲ್ಲ. ಅನುಭವವಿರುವವರು ಹೇಳಿ.

ನಿವೃತ್ತ ಮ್ಯಾನೇಜರ್:
ತಮ್ಮಾ, ಬ್ಯಾಂಕಿನಲ್ಲಿ ಸೇವೆ ಮುಗಿಸಿ ಕುಳಿತವನು ನಾನು, ಆದ್ದರಿಂದ ನೇರವಾಗಿ ಹೇಳುತ್ತೇನೆ. ಕೆಲಸ ಮಾಡಿದವನ ಹೆಸರು ತಾನಾಗಿಯೇ ಹಬ್ಬುತ್ತದೆ. ಗಾಂಧಿ ಬಜಾರಿನಲ್ಲಿ ನಿಂತು ಒಳ್ಳೆಯ ಮೇಸ್ತ್ರಿ ಯಾರೆಂದು ಕೇಳಿ, ನಾಲ್ಕು ಜನ ಒಂದೇ ಹೆಸರು ಹೇಳುತ್ತಾರೆ. ಆ ಮೇಸ್ತ್ರಿಗೆ ಫೇಸ್‌ಬುಕ್ ಖಾತೆಯೇ ಇಲ್ಲ. ತನ್ನ ಬಗ್ಗೆ ತಾನೇ ಡಂಗುರ ಸಾರಿಕೊಳ್ಳುವವರನ್ನು ನಮ್ಮ ಜನ ನಂಬುವುದೂ ಕಡಿಮೆ.

ಹೊಸನಗರದ ಕೋಡ್‌ಗಾರ:
ಸರ್, ಆ ನಾಲ್ಕು ಜನರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಊರಿನಲ್ಲಿ ಮನೆ ಕಟ್ಟಿಸುವ ಹಣ ಅವರದು, ತೀರ್ಮಾನವೂ ಅವರದೇ. ಅವರು ಗಾಂಧಿ ಬಜಾರಿನಲ್ಲಿ ನಿಂತು ಕೇಳುವುದಿಲ್ಲ, ಕೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ಗೂಗಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಮೇಸ್ತ್ರಿಯ ಹೆಸರೂ ಬರುವುದಿಲ್ಲ, ಈ ಎಂಜಿನಿಯರ್ ಹೆಸರೂ ಬರುವುದಿಲ್ಲ. ವಿಡಿಯೊ ಮಾಡಿದ ಒಣಸೀಮೆಯವರ ಹೆಸರು ಬರುತ್ತದೆ.

ನಾನು ಬೆಂಗಳೂರು ಬಿಟ್ಟು ಊರಿನಿಂದಲೇ ಕೆಲಸ ಮಾಡುತ್ತಿರುವವನು. ನನಗೆ ಕೆಲಸ ಸಿಕ್ಕಿದ್ದು ಲಿಂಕ್ಡ್‌ಇನ್‌ನಿಂದಲೇ. ಅದರ ಬಗ್ಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ಹೆಸರಿನ ಕೆಳಗೆ ಬರುವ ಸಾಲಿಗೆ 220 ಅಕ್ಷರಗಳ ಮಿತಿಯಿದೆ. ಹೆಚ್ಚಿನವರು ಅಲ್ಲಿ ಹುದ್ದೆ, ಕಂಪನಿ ಎರಡನ್ನೇ ಬರೆದು ಬಿಡುತ್ತಾರೆ. ಮಾಡುವ ಕೆಲಸವನ್ನು ಜನ ಹುಡುಕುವ ಮಾತಿನಲ್ಲಿ ಬರೆಯಿರಿ: ಹೆಚ್ಚು ಮಳೆಯ ಪ್ರದೇಶದ ಕಟ್ಟಡ ವಿನ್ಯಾಸ, ಶಿವಮೊಗ್ಗ. ಊರಿನ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಆದರೆ ಹಳೆಯ ಕಾಗುಣಿತದಲ್ಲೇ ಹುಡುಕುವವರು ಈಗಲೂ ಇದ್ದಾರೆ. ಪರಿಚಯದ ಭಾಗದಲ್ಲಿ ಎರಡೂ ರೂಪ ಇರಲಿ.

ಇನ್ನೊಂದು ಮುಖ್ಯ ವಿಷಯ. ಪ್ರೊಫೈಲ್ ತಿದ್ದುವ ಮೊದಲು, ಬದಲಾವಣೆಗಳನ್ನು ನಿಮ್ಮ ಬಳಗಕ್ಕೆ ತಿಳಿಸುವ ಆಯ್ಕೆಯನ್ನು ಬಂದ್ ಮಾಡಿಬಿಡಿ. ಇಲ್ಲದಿದ್ದರೆ ನೀವು ಒಂದೇ ಸಮನೆ ಪ್ರೊಫೈಲ್ ಹೊಳಪು ಮಾಡುತ್ತಿರುವುದು ಕಚೇರಿಗೆಲ್ಲ ಗೊತ್ತಾಗಿ, ಬೇರೆ ಕೆಲಸ ಹುಡುಕುತ್ತಿದ್ದೀರೆಂಬ ಸುದ್ದಿ ಮಧ್ಯಾಹ್ನದ ಊಟದೊಳಗೆ ಯಜಮಾನರ ಮೇಜಿಗೆ ತಲುಪುತ್ತದೆ. ಕೆಲಸ ಹುಡುಕುತ್ತಿದ್ದೇನೆಂದು ನೇಮಕಾತಿ ಮಾಡುವವರಿಗೆ ಮಾತ್ರ ತೋರಿಸುವ ಸೌಲಭ್ಯ ಇದೆ ನಿಜ, ಆದರೆ ಅದು ನಿಮ್ಮ ಸಂಸ್ಥೆಗೆ ಕಾಣಿಸುವುದೇ ಇಲ್ಲವೆಂದು ಲಿಂಕ್ಡ್‌ಇನ್ ಕೂಡ ಭರವಸೆ ಕೊಡುವುದಿಲ್ಲ.

ತಾರಸಿಮನೆ:
ಮ್ಯಾನೇಜರ್ ಸರ್, ತಮ್ಮ ಅಲ್ಲ, ತಂಗಿ. ನೀವು ಹೇಳಿದ ಮೇಸ್ತ್ರಿ ಯಾರೆಂದು ನನಗೂ ಗೊತ್ತು, ಅವರ ಕೈಕೆಳಗೇ ನಾನು ಸೆಂಟ್ರಿಂಗ್ ನೋಡಿ ಕಲಿತದ್ದು.

ಸಾಗರದ ಕಪ್ಪುಕೋಟು:
ತಂಗಿಯವರು ಬರೆಯಲು ಕುಳಿತುಕೊಳ್ಳುವ ಮೊದಲು ನೇಮಕಾತಿ ಪತ್ರವನ್ನು ಹೊರತೆಗೆದು ಓದಲಿ. ಗೋಪ್ಯತೆಯ ಷರತ್ತು, ಹೊರಗಿನ ಕೆಲಸ ಮಾಡುವಂತಿಲ್ಲ ಎಂಬ ಷರತ್ತು, ಸಂಸ್ಥೆಯ ಹೆಸರು ಬಳಸುವ ಬಗ್ಗೆ ಷರತ್ತು, ಈ ಮೂರನ್ನು ನೋಡಿಕೊಳ್ಳಬೇಕು. ನೀವೇ ರಾತ್ರಿ ಕುಳಿತು ಬಿಡಿಸಿದ ನಕ್ಷೆಯಾದರೂ ನೌಕರಿಯ ಭಾಗವಾಗಿ ಬಿಡಿಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದರ ಮೊದಲ ಹಕ್ಕುದಾರರು ನಿಮ್ಮ ಯಜಮಾನರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಹೇಳುವುದು ಇದನ್ನೇ. ಹಾಗಾಗಿ ಕಚೇರಿಯ ನಕ್ಷೆ ಹಾಕಬೇಡಿ. ಸಾಮಾನ್ಯ ತತ್ವ ವಿವರಿಸಲು ಕೈಯಲ್ಲೇ ಹೊಸದಾಗಿ ಒಂದು ಚಿತ್ರ ಬಿಡಿಸಿದರೆ ತಕರಾರಿಲ್ಲ, ನೋಡುವುದಕ್ಕೂ ಅದೇ ಚೆಂದ.

ಒಂದು ಮಟ್ಟಿಗೆ ನೀವು ಪುಣ್ಯವಂತರು. ನಮಗೆ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಇದೆ. ಜಾಹೀರಾತು ಇಲ್ಲ, ಕೆಲಸ ಕೇಳಿಕೊಂಡು ಹೋಗುವಂತಿಲ್ಲ, ತಾನು ನಡೆಸಿದ ಪ್ರಕರಣದ ಬಗ್ಗೆ ಪತ್ರಿಕೆಯಲ್ಲಿ ಬರೆಸಿಕೊಳ್ಳುವಂತಿಲ್ಲ, ಬೋರ್ಡಿನ ಗಾತ್ರ ಕೂಡ ಮಿತಿಯಲ್ಲಿರಬೇಕು. 2008ರ ತಿದ್ದುಪಡಿಯಿಂದ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಯಾವ ವಿಷಯದ ಪ್ರಕರಣ ನೋಡುತ್ತೇವೆ ಎಂಬಷ್ಟನ್ನು ವೆಬ್‌ಸೈಟಿನಲ್ಲಿ ಹಾಕಲು ಅವಕಾಶ ಸಿಕ್ಕಿತು. ಆದರೂ ತೀರ್ಪು ಬಂದ ದಿನ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ರೀಲ್ಸ್ ಮಾಡುವ ಕಿರಿಯರನ್ನು ನೋಡುತ್ತಿದ್ದೇನೆ. ಪರಿಷತ್ತಿನಿಂದ ನೋಟಿಸ್ ಬಂದಾಗ ಅದರದ್ದೂ ರೀಲ್ಸ್ ಮಾಡುತ್ತಾರೋ ಏನೋ.

ಹಾಗೆಂದು ನಾನು ಸುಮ್ಮನಿಲ್ಲ. ಪೌತಿ ಖಾತೆ ಎಂದರೇನು, ಅದಕ್ಕೆ ಯಾವ ಕಾಗದ ಬೇಕು, ವಿಭಾಗ ಪತ್ರವನ್ನು ನೋಂದಣಿ ಮಾಡಿಸದಿದ್ದರೆ ಮುಂದೆ ಏನಾಗುತ್ತದೆ ಎಂದು ಬರೆಯುತ್ತೇನೆ. ಕೊನೆಯಲ್ಲಿ ಫೋನ್ ನಂಬರ್ ಇರುವುದಿಲ್ಲ, "ಸಂಪರ್ಕಿಸಿ" ಎಂಬ ಮಾತೂ ಇರುವುದಿಲ್ಲ.

ತುಂಗಾತೀರದ ವೈದ್ಯೆ:
ವೈದ್ಯರದ್ದೂ ಹೆಚ್ಚು ಕಡಿಮೆ ಇದೇ ಕಥೆ. 2002ರ ವೃತ್ತಿ ನಡತೆಯ ನಿಯಮಾವಳಿಯ ಪ್ರಕಾರ ರೋಗಿಗಳನ್ನು ಸೆಳೆಯುವ ಪ್ರಚಾರ ತಪ್ಪು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಜಾಲತಾಣದ ಬಗ್ಗೆಯೇ ಪ್ರತ್ಯೇಕ ಸೂಚನೆಗಳಿದ್ದ ಹೊಸ ನಿಯಮಗಳನ್ನು ಹೊರಡಿಸಿತು. ಲೈಕ್, ಫಾಲೋವರ್ ಕೊಂಡುಕೊಳ್ಳಬಾರದು, ರೋಗಿಗಳಿಂದ ಹೊಗಳಿಕೆ ಬರೆಸಬಾರದು ಎಂದೆಲ್ಲ ಅದರಲ್ಲಿತ್ತು. ಅದೇ ತಿಂಗಳು ಆ ನಿಯಮಗಳನ್ನು ತಡೆಹಿಡಿಯಲಾಯಿತು. ತಡೆಹಿಡಿದಿದ್ದರೂ ಆ ಸೂಚನೆಗಳನ್ನು ನಾನು ಪಾಲಿಸುತ್ತೇನೆ, ಏಕೆಂದರೆ ಅವು ಸರಿಯಾಗಿಯೇ ಇವೆ.

ನನಗೆ ಹೇಳಬೇಕಾದದ್ದು ಸಣ್ಣ ಊರಿನ ಕಷ್ಟ. ದೊಡ್ಡ ನಗರದ ವೈದ್ಯರು ಹೆಸರು ಅಳಿಸಿ, ಮುಖ ಮರೆಮಾಡಿ ಒಂದು ಪ್ರಕರಣ ಬರೆದರೆ ಯಾರಿಗೂ ಗುರುತು ಸಿಗುವುದಿಲ್ಲ. ನಾನು "ಅರವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರು, ಹೋದ ವಾರ ಮರದಿಂದ ಬಿದ್ದವರು" ಎಂದು ಬರೆದರೆ ಮೂರು ಹೋಬಳಿಗೆ ಅದು ಯಾರೆಂದು ಗೊತ್ತು. ಮರುದಿನ ಅವರ ಮನೆಗೆ ಹಣ್ಣು ಹಿಡಿದುಕೊಂಡು ಜನ ಹೋಗುತ್ತಾರೆ. ಹಾಗಾಗಿ ನಾನು ಪ್ರಕರಣಗಳನ್ನೇ ಬರೆಯುವುದಿಲ್ಲ, ಕಾಯಿಲೆಯ ಬಗ್ಗೆ ಬರೆಯುತ್ತೇನೆ. ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಕಾಯಿಲೆ ಇದು, ಈಗಲೂ ದರಕು (ಉದುರಿದ ಒಣ ಎಲೆ) ಗುಡಿಸಿ ತರಲು, ಸೌದೆ ತರಲು ಕಾಡಿಗೆ ಹೋಗುವವರನ್ನೇ ಹಿಡಿಯುತ್ತದೆ. ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚುವುದು, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಇಷ್ಟನ್ನು ಪ್ರತಿ ವರ್ಷ ಬರೆಯುತ್ತೇನೆ. ಹೊಸದೇನೂ ಇಲ್ಲ. ಆದರೂ ನನ್ನ ಬರಹಗಳಲ್ಲಿ ಅತಿ ಹೆಚ್ಚು ಜನ ಹಂಚಿಕೊಳ್ಳುವುದು ಇದನ್ನೇ.

ಎಂಜಿನಿಯರ್ ಅವರೇ, ಇದು ನಿಮಗೂ ಅನ್ವಯಿಸುತ್ತದೆ. ಸೋರುವ ಮನೆಯ ಫೋಟೊ ಹಾಕಿದರೆ ಮನೆ ಯಾರದು, ಕಟ್ಟಿದ ಗುತ್ತಿಗೆದಾರರು ಯಾರು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ನಿವೃತ್ತ ಮ್ಯಾನೇಜರ್:
ಡಾಕ್ಟರಮ್ಮ ಬರೆಯುವುದು ಡಂಗುರವಲ್ಲ, ಒಪ್ಪಿದೆ. ಅಂದ ಹಾಗೆ ಯೂಟ್ಯೂಬಿನಲ್ಲಿ ದುಡ್ಡು ಬರುತ್ತದಂತೆ, ನನ್ನ ಮೊಮ್ಮಗ ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆನ್ನುತ್ತಿದ್ದಾನೆ. ನಿಜವೇ?

ಹೊಸನಗರದ ಕೋಡ್‌ಗಾರ:
ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಕಿರು ವಿಡಿಯೊಗಳಾದರೆ 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ. ತಾರಸಿ ಸೋರುವುದರ ಬಗ್ಗೆ ಕನ್ನಡದಲ್ಲಿ ಮಾತನಾಡಿ ಅಲ್ಲಿಗೆ ಮುಟ್ಟಬಹುದು, ಆದರೆ ಅದನ್ನು ನಂಬಿ ಯಾರೂ ಮನೆ ಸಾಲ ತೆಗೆದುಕೊಳ್ಳಬಾರದು. ಮೊಮ್ಮಗನಿಗೆ ಪದವಿ ಮುಗಿಸಲು ಹೇಳಿ ಸರ್.

ಅಡಿಕೆ ಇಲಾಖೆಯವ:
ಹೆಸರು ನೋಡಿ ನಗಬೇಡಿ, ಇಲಾಖೆ ಬೇರೆಯದೇ. ಸರ್ಕಾರಿ ನೌಕರರೂ ಇದನ್ನು ಓದುತ್ತಿರಬಹುದೆಂದು ಎರಡು ಮಾತು. ನಮಗೆ 2021ರ ಕರ್ನಾಟಕ ರಾಜ್ಯ ಸಿವಿಲ್ ಸೇವಾ ನಡತೆ ನಿಯಮಗಳಿವೆ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ, ಕಡತದಲ್ಲಿರುವುದನ್ನು ಹೊರಗೆ ಹಂಚುವಂತಿಲ್ಲ, ಅನುಮತಿಯಿಲ್ಲದೆ ಬೇರೆ ಸಂಪಾದನೆಯ ದಾರಿ ಹಿಡಿಯುವಂತಿಲ್ಲ. ಚಾನೆಲ್‌ನಿಂದ ಹಣ ಬರುವುದಾದರೆ ಮೊದಲೇ ಬರಹದಲ್ಲಿ ಅನುಮತಿ ಕೇಳುವುದು ಕ್ಷೇಮ.

ನಾನು ಹಾಕುವುದು ತೋಟದ ವಿಷಯ ಮಾತ್ರ. ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದು ಯಾರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಆದರೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಹುಯ್ಯಬೇಕು, ಸುಣ್ಣವನ್ನು ಅದಕ್ಕೆ ಹುಯ್ಯಬಾರದು ಎಂದು ತೋರಿಸುವ ಚಿಕ್ಕ ವಿಡಿಯೊ ಹಾಕಿದ ಮೇಲೆ ತೋಟದವರು ರಸ್ತೆಯಲ್ಲಿ ನಿಲ್ಲಿಸಿ ಮಾತನಾಡಿಸತೊಡಗಿದರು. ನಮಗೆ ಚಿಲ್ಲರೆ ಎನಿಸುವುದೇ ಜನರಿಗೆ ಬೇಕಾಗಿರುವುದು. ಅಡಿಕೆ ಧಾರಣೆ ಏರುತ್ತದೋ ಇಳಿಯುತ್ತದೋ ಎಂದು ಮಾತ್ರ ಎಂದೂ ಬರೆಯುವುದಿಲ್ಲ. ರಾಶಿ ಅಡಿಕೆಯನ್ನು ಮಾರದೆ ಕಾದು ಕುಳಿತವರ ಶಾಪ ಯಾರಿಗೆ ಬೇಕು, ಮಾರಾಯರೇ.

ಭದ್ರಾವತಿ ಉಪನ್ಯಾಸಕಿ:
ಇಲ್ಲಿ ಯಾರೂ ಎತ್ತದ ವಿಷಯ ನನ್ನದು. ಹೆಂಗಸರು ತಮ್ಮ ಹೆಸರು, ಫೋಟೊ ಹಾಕಿಕೊಂಡು ಬರೆದರೆ ಬರುವ ಸಂದೇಶಗಳಲ್ಲಿ ಅರ್ಧ ವಿಷಯಕ್ಕೆ ಸಂಬಂಧಪಟ್ಟಿರುವುದಿಲ್ಲ. "ಊಟ ಆಯಿತಾ ಮೇಡಂ" ಎಂದು ಶುರುವಾಗುವ ಯಾವುದಕ್ಕೂ ಉತ್ತರಿಸಬೇಡಿ, ವಿವರಣೆಯನ್ನೂ ಕೊಡಬೇಡಿ. ಮನೆಯವರ ನಂಬರ್ ಬೇರೆ, ವೃತ್ತಿಯ ನಂಬರ್ ಬೇರೆ ಇರಲಿ. ನಿವೇಶನದಲ್ಲಿ ನಿಂತು ತೆಗೆದ ಚಿತ್ರವನ್ನು ಅಲ್ಲಿಂದ ಹೊರಟ ಮೇಲೆ ಹಾಕಿ, ಸ್ಥಳದ ಗುರುತನ್ನು ತೆಗೆದುಹಾಕಿ. ಎರಡು ಹಂತದ ದೃಢೀಕರಣ ಇಂದೇ ಆಗಲಿ. ನನ್ನ ಹೆಸರಿನಲ್ಲಿ ಯಾರೋ ನಕಲಿ ಖಾತೆ ತೆರೆದು ವಿದ್ಯಾರ್ಥಿಗಳ ಪೋಷಕರಿಂದ ಹಣ ಕೇಳಿದ್ದರು. ಆಗ ಖಾತೆಯ ಚಿತ್ರ ತೆಗೆದಿಟ್ಟುಕೊಂಡು ತಾಣಕ್ಕೆ ದೂರು ಕೊಟ್ಟೆ, ಹಣ ಕಳಿಸಿದ್ದ ಪೋಷಕರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ. ಹೀಗೆ ಕಂಪ್ಯೂಟರ್ ಮೂಲಕ ಬೇರೆಯವರ ಸೋಗು ಹಾಕಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ 3 ವರ್ಷದವರೆಗೆ ಶಿಕ್ಷೆ ಇದೆ.

ಇನ್ನು ಮದುವೆ ಮನೆಯ ಮಾತು. ಚುನಾವಣೆಗೆ ನಿಲ್ಲುತ್ತೀರಾ ಎಂದು ಕೇಳಿದವರು ಆರು ತಿಂಗಳ ನಂತರ ಪಾಯದ ಬಗ್ಗೆ ಸಲಹೆ ಕೇಳಲು ನಿಮ್ಮ ಮನೆಗೇ ಬರುತ್ತಾರೆ, ಶುಲ್ಕ ಕೊಡದೆ. ಅದಕ್ಕೂ ಸಿದ್ಧರಾಗಿರಿ.

ತಾರಸಿಮನೆ:
ಎಲ್ಲರಿಗೂ ಕೃತಜ್ಞತೆ. ನೇಮಕಾತಿ ಪತ್ರ ಓದಿದೆ. ಹೊರಗಿನ ಕೆಲಸಕ್ಕೆ ನಿರ್ಬಂಧವಿದೆ, ಬರೆಯುವುದಕ್ಕಿಲ್ಲ. ಯಜಮಾನರನ್ನೂ ಕೇಳಿದೆ, "ಕಚೇರಿಯ ಹೆಸರು ಬೇಡ, ಗಿರಾಕಿಗಳ ಮನೆ ಬೇಡ" ಎಂದರು. ಮೊದಲ ಬರಹದ ಕರಡು ಇದು, ಹೇಗಿದೆ ಹೇಳಿ:

"ಮಲೆನಾಡಿನ ಕಟ್ಟಡ ಪರಂಪರೆಯನ್ನು ಆಧುನಿಕ ತಂತ್ರಜ್ಞಾನದೊಂದಿಗೆ ಬೆಸೆಯುತ್ತ, ಪ್ರತಿ ಕುಟುಂಬದ ಕನಸಿನ ಮನೆಗೆ ಭದ್ರ ಬುನಾದಿ ಹಾಕುವ ಪಯಣದಲ್ಲಿ ನಾನೂ ಒಬ್ಬಳು ಎಂಬ ಹೆಮ್ಮೆ ನನಗಿದೆ."

ಸಾಗರದ ಕಪ್ಪುಕೋಟು:
ಮ್ಯಾನೇಜರ್ ಸರ್ ಹೇಳಿದ ಡಂಗುರ ಇದೇ.

ತುಂಗಾತೀರದ ವೈದ್ಯೆ:
ಇದು ನೀವು ಬರೆದದ್ದು ಅನ್ನಿಸುವುದಿಲ್ಲ. ಮೊದಲು ಇಲ್ಲಿ ಹಾಕಿದಿರಲ್ಲ, ಒಣ ಸೀಮೆಯ ತಾರಸಿ, ನಾಲ್ಕು ಮಳೆಗಾಲ, ಮೇಲೊಂದು ಶೀಟು, ಖರ್ಚು ಎರಡು ಸಲ ಎಂದು, ಅದು ನಿಮ್ಮ ಮಾತು.

ಹೊಸನಗರದ ಕೋಡ್‌ಗಾರ:
ಲಿಂಕ್ಡ್‌ಇನ್‌ನಲ್ಲಿ ಇಂಥ ಪಯಣಗಳೇ ತುಂಬಿವೆ, ನೀವು ಹೊರಡಬೇಡಿ. ಅಲ್ಲಿ ಇಂಗ್ಲಿಷ್ ಪ್ರೊಫೈಲ್ ಒಂದನ್ನು ಅಚ್ಚುಕಟ್ಟಾಗಿ ಇಟ್ಟುಬಿಡಿ, ಅದು ಬೇರೆ ಸಂಸ್ಥೆಗಳಿಗೆ. ಮನೆ ಕಟ್ಟಿಸುವವರಿಗೆ ಕನ್ನಡದಲ್ಲಿ, ಫೇಸ್‌ಬುಕ್‌ನಲ್ಲೋ ಯೂಟ್ಯೂಬ್‌ನಲ್ಲೋ. ಎರಡರಲ್ಲಿ ಒಂದೇ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ವಿದ್ಯುತ್ತಿರುವುದಿಲ್ಲ, ಟವರ್ ಇರುವುದಿಲ್ಲ. ಬೇಸಿಗೆಯಲ್ಲೇ ನಾಲ್ಕಾರು ಬರೆದಿಟ್ಟು ದಿನಾಂಕ ನಿಗದಿ ಮಾಡಿಬಿಡಿ. ದಿನವೂ ಹಾಕಬೇಕೆಂದು ಹೇಳುವವರ ಮಾತು ಕೇಳಬೇಡಿ, ಅವರಿಗೆ ಬೇರೆ ಕೆಲಸವಿಲ್ಲ.

ತಾರಸಿಮನೆ:
ಸರಿ, ಅದನ್ನು ಹರಿದು ಹಾಕಿದೆ. ಇದು ಎರಡನೆಯದು:

"ಮಳೆ ಬರುತ್ತಿದೆಯಲ್ಲ, ತಾರಸಿಗೆ ನೀರು ಬೇರೆ ಹಾಕಬೇಕೇ ಎಂದು ಕೇಳುತ್ತಾರೆ. ಮಳೆ ಎರಡು ಗಂಟೆ ಬಂದು, ಮಧ್ಯಾಹ್ನ ಬಿಸಿಲು ಕಾಯ್ದು, ಗಾಳಿ ಬೀಸಿದರೆ ಕಾಂಕ್ರೀಟಿನ ಮೇಲ್ಮೈ ಒಣಗುತ್ತದೆ. ಕೂದಲೆಳೆಯ ಬಿರುಕು ಹುಟ್ಟುವುದು ಆಗ. ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಅದು ಹಾರುಬೂದಿ ಬೆರೆತ ಸಿಮೆಂಟ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಅಂಥದ್ದಕ್ಕೆ ಕನಿಷ್ಠ 10 ದಿನ ಮೇಲ್ಮೈ ಒದ್ದೆಯಾಗಿರಬೇಕು, ಬೂದಿ ಬೆರೆಸದ ಸಾಮಾನ್ಯ ಸಿಮೆಂಟಾದರೆ 7 ದಿನ. ಗಾರೆಯ ಚಿಕ್ಕ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಮಳೆ ಬಂದರೆ ಒಳ್ಳೆಯದೇ, ಬಾರದಿದ್ದರೂ ಕಟ್ಟೆಯಲ್ಲಿ ನೀರಿದೆ."

ನಿವೃತ್ತ ಮ್ಯಾನೇಜರ್:
ಇದನ್ನು ನಮ್ಮ ಬಡಾವಣೆಯ ಗುಂಪಿಗೆ ಕಳಿಸಲೇ? ಎದುರು ಮನೆಯವರು ನಿನ್ನೆ ತಾನೇ ಕಾಂಕ್ರೀಟ್ ಹಾಕಿಸಿದ್ದಾರೆ, ಮಳೆ ನಂಬಿಕೊಂಡು ಸುಮ್ಮನೆ ಕುಳಿತಿದ್ದಾರೆ.

ತಾರಸಿಮನೆ:
ಇವತ್ತೇ ಕಳಿಸಿ ಸರ್. ಇನ್ನೊಂದು ಸಂದೇಹ ಇದೆ. ಸೋರಿಕೆ ತಡೆಯುವ ರಾಸಾಯನಿಕ ಮಾರುವವರೊಬ್ಬರು ನಾನು ಬರೆಯಲಿದ್ದೇನೆಂದು ಅದು ಹೇಗೋ ತಿಳಿದು, ನಮ್ಮ ಡಬ್ಬಿ ತೋರಿಸಿ, ನಿಮ್ಮ ಸ್ವಂತ ಮನೆಗೆ ಬೇಕಾದಷ್ಟು ಉಚಿತ ಎಂದರು.

ಸಾಗರದ ಕಪ್ಪುಕೋಟು:
ಉಚಿತವೂ ಪ್ರತಿಫಲವೇ. ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಜನವರಿಯ ಮಾರ್ಗಸೂಚಿಯ ಪ್ರಕಾರ, ಹಣವಾಗಲಿ ವಸ್ತುವಾಗಲಿ ಪಡೆದು ಶಿಫಾರಸು ಮಾಡಿದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದು ಉತ್ಪಾದಕರಿಗಷ್ಟೇ ಅಲ್ಲ, ಹೊಗಳಿದವರಿಗೂ. ಕಾನೂನು ಬದಿಗಿಟ್ಟು ಹೇಳುವುದಾದರೆ, ಆ ಡಬ್ಬಿ ಹಚ್ಚಿದ ತಾರಸಿ ಸೋರಿದರೆ ಜನ ಬೈಯುವುದು ಕಂಪನಿಯನ್ನಲ್ಲ, ನಿಮ್ಮನ್ನು. ತೆಗೆದುಕೊಳ್ಳಬೇಡಿ.

ರಿಪ್ಪನ್‌ಪೇಟೆ ಓದುಗ:
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಎಂಜಿನಿಯರ್ ಅಕ್ಕ ಇಲ್ಲೇ ಇದ್ದಾರೆಂದು ಕೇಳುತ್ತಿದ್ದೇನೆ. ನಮ್ಮದು ತಾರಸಿ ಮನೆ, ಮೇಲೆ ಶೀಟು ಹಾಕಿಸಿಯಾಯಿತು. ಆದರೂ ಪಡುವಣ ಗೋಡೆ ಒಳಗಡೆ ಒದ್ದೆ, ಬಣ್ಣ ಉದುರುತ್ತಿದೆ. ಶೀಟಿನಲ್ಲೇ ತೂತಿದೆಯೇ?

ತಾರಸಿಮನೆ:
ಶೀಟನ್ನು ಬಿಡಿ, ಮೊದಲು ಒದ್ದೆ ಎಲ್ಲಿಂದ ಶುರುವಾಗಿದೆ ನೋಡಿ. ನೆಲದಿಂದ ಮೇಲೆ ಹತ್ತಿದ್ದರೆ ಪಾಯದ ಕಡೆಯಿಂದ ಬರುತ್ತಿದೆ. ಕಿಟಕಿಯ ಕೆಳಗಿನ ಮೂಲೆಗಳಿಂದ ಇಳಿದಿದ್ದರೆ ಕಿಟಕಿಯ ಅಡಿಗಲ್ಲು ಒಳಕ್ಕೆ ವಾಲಿದೆ. ಕಿಟಕಿಯ ಮೇಲಿದ್ದರೆ ಸಜ್ಜಾ ಗೋಡೆಗೆ ಸೇರುವ ಕಡೆ ಬಿರುಕಿದೆ. ಇಡೀ ಗೋಡೆ ಒಂದೇ ಸಮ ಒದ್ದೆಯಾಗಿದ್ದರೆ ಅದು ಇರಚಲು, ನಮ್ಮ ಮಳೆ ಬರುವುದೇ ಪಶ್ಚಿಮದಿಂದ. ಶೀಟು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ ಅಳೆಯಿರಿ. ಒಂದಡಿ ಮಾತ್ರ ಇದ್ದರೆ ಸಾಲದು, ಹಳೆಯ ಹಂಚಿನ ಮನೆಗಳ ಸೂರು ಎಷ್ಟು ಚಾಚಿರುತ್ತಿತ್ತು ನೆನಪಿಸಿಕೊಳ್ಳಿ. ಈಗ ಒಳಗಿನಿಂದ ಏನನ್ನೂ ಬಳಿಯಬೇಡಿ, ಒದ್ದೆ ಗೋಡೆಯ ಮೇಲೆ ಬಳಿದದ್ದು ಸಿಪ್ಪೆಯಾಗಿ ಏಳುತ್ತದೆ. ಮಳೆ ಕಳೆದು ಗೋಡೆ ಒಣಗಿದ ಮೇಲೆ ಹೊರಗಿನಿಂದ ಬಿರುಕು ಮುಚ್ಚಿಸಿ, ಸಜ್ಜಾದ ಕೆಳಗೆ ಹೊರ ಅಂಚಿನ ಉದ್ದಕ್ಕೂ ಒಂದು ಗೀರು ತೆಗೆಸಿ, ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಹೊರಗಿನ ಗೋಡೆಯ ಎರಡು ಫೋಟೊ ಕಳಿಸಿದರೆ ಇನ್ನಷ್ಟು ಹೇಳಬಲ್ಲೆ.

ತುಂಗಾತೀರದ ವೈದ್ಯೆ:
ಮೂರನೆಯ ಬರಹ ಸಿದ್ಧವಾಯಿತು. ಊರಿನ ಹೆಸರು ತೆಗೆದುಹಾಕಿ, ಕೇಳಿದವರ ಒಪ್ಪಿಗೆ ಪಡೆದು ಹಾಕಿ.

ರಿಪ್ಪನ್‌ಪೇಟೆ ಓದುಗ:
ಒಪ್ಪಿಗೆ ಇದೆ ಅಕ್ಕ. ಒದ್ದೆ ಇರುವುದು ಕಿಟಕಿಯ ಕೆಳಗಿನ ಮೂಲೆಯಲ್ಲೇ. ಫೋಟೊ ನಾಳೆ ಕಳಿಸುತ್ತೇನೆ, ಹೊರಗೆ ಒಣಹಾಕಿರುವ ಬಟ್ಟೆಗಳನ್ನು ತೆಗೆದ ಮೇಲೆ.